ಹಡಗಿನ ರಜೆ ಕೆಟ್ಟರೆ ಕೈಹಿಡಿಯುವ ಕಾಗದಗಳು

ಕ್ರೂಸ್ ಪ್ರವಾಸಕ್ಕೆ ವಿಮೆ ಮಾಡಿಸಲು ಐದು ನಿಮಿಷ ಸಾಕು. ಅದರ ಹಣ ಪಡೆಯಲು ಬೇಕಾದ ಸಾಕ್ಷ್ಯ ಮಾತ್ರ ಹಡಗಿನಲ್ಲೇ, ಆ ದಿನವೇ ಸಿಗಬೇಕು.

ಕಡಲಿಲ್ಲದ ಬೆಂಗಳೂರಿನಲ್ಲಿ ಈಗ ಹಡಗಿನ ಪ್ರವಾಸದ ಮಾತು ಜೋರು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯಿಂದ ಹೊರಡುವವರು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಾರೆ. ಮುಂಬೈಗೆ ಹೋಗಿ ಗೋವಾ, ಲಕ್ಷದ್ವೀಪದ ಕಡೆ ಸಾಗುವ ಹಡಗು ಹತ್ತುವುದು ಒಂದು. ಸಿಂಗಪುರದ ಪ್ಯಾಕೇಜಿಗೆ ಮೂರು ನಾಲ್ಕು ರಾತ್ರಿಯ ಕ್ರೂಸ್ ಸೇರಿಸಿಕೊಳ್ಳುವುದು ಇನ್ನೊಂದು. ಮೂರನೆಯದು ನಿವೃತ್ತರ ದಾರಿ. ಬಿಇಎಲ್‌ನಲ್ಲೋ, ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲೋ, ಜಿಕೆವಿಕೆಯಲ್ಲೋ ದುಡಿದು ಮನೆ ಕಟ್ಟಿದವರು ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗುತ್ತಾರೆ. ಅಲ್ಲಿಂದ ಮಗಳು ಅಳಿಯ ಅವರನ್ನು ಫ್ಲಾರಿಡಾದಿಂದ ಬಹಾಮಾಸ್‌ಗೋ, ಸಿಯಾಟಲ್‌ನಿಂದ ಅಲಾಸ್ಕಾಗೋ ಕರೆದೊಯ್ಯುತ್ತಾರೆ.

ಮೂವರ ಕೈಯಲ್ಲೂ ಪ್ರವಾಸ ವಿಮೆಯ ಒಂದು ಪಿಡಿಎಫ್ ಇರುತ್ತದೆ. ಏನಾದರೂ ಕೆಟ್ಟಾಗಲೇ ಅದನ್ನು ತೆರೆದು ಓದುವುದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಈ ರೂಢಿಯಿಂದಲೇ ಎಷ್ಟೋ ನ್ಯಾಯವಾದ ಕ್ಲೇಮ್‌ಗಳು ಬಿದ್ದುಹೋಗುತ್ತವೆ. ನೆಲದ ಮೇಲಿನ ಆಸ್ಪತ್ರೆಗೆ, ಪೊಲೀಸ್ ಠಾಣೆಗೆ ಮರುವಾರ ಹೋಗಿ ಕಾಗದ ಕೇಳಬಹುದು. ಹಡಗು ಅಷ್ಟರಲ್ಲಿ ಬೇರೆ ಪ್ರಯಾಣಿಕರನ್ನು ತುಂಬಿಕೊಂಡು ಬೇರೆ ದೇಶದ ಕಡೆ ಹೊರಟಿರುತ್ತದೆ.

ಯಾವ ಪಾಲಿಸಿ, ಯಾವ ನೀರು

ಮೊದಲು ನೋಡಬೇಕಾದದ್ದು ಪಾಲಿಸಿ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬುದು. ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ಹಡಗು ದೇಶದೊಳಗಿನ ಪ್ರಯಾಣ. ಅದಕ್ಕೆ ದೇಶೀಯ ಪ್ರವಾಸ ವಿಮೆ ಬೇಕು. ವಿದೇಶ ಪ್ರವಾಸದ ಪಾಲಿಸಿ ಅಲ್ಲಿ ಕೆಲಸಕ್ಕೆ ಬಾರದು. ಚೆನ್ನೈಯಿಂದ ಶ್ರೀಲಂಕಾದ ಬಂದರುಗಳಿಗೆ ಹೋಗುವ ಹಡಗಿನದು ಇದಕ್ಕೆ ತಿರುಗುಮುರುಗು. ‘ಅಮೆರಿಕ, ಕೆನಡಾ ಹೊರತುಪಡಿಸಿ ವಿಶ್ವದಾದ್ಯಂತ’ ಎಂಬ ಅಗ್ಗದ ಪಾಲಿಸಿ ಸಿಂಗಪುರದ ಯಾನಕ್ಕೆ ಸರಿ, ಫ್ಲಾರಿಡಾದಲ್ಲಿ ಹತ್ತಿ ಫ್ಲಾರಿಡಾದಲ್ಲೇ ಇಳಿಯುವ ಯಾನಕ್ಕೆ ಸಾಲದು. ಯುರೋಪಿನ ಹಡಗಾದರೆ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವೈದ್ಯಕೀಯ ರಕ್ಷಣೆ ಕಡ್ಡಾಯ. ಆ ಪಾಲಿಸಿ ವೀಸಾದ ಮಟ್ಟಿಗೆ ಸಾಕಾಗಬಹುದು, ಪ್ರವಾಸ ರದ್ದಾದರೆ ಒಂದು ರೂಪಾಯಿಯನ್ನೂ ಕೊಡದಿರಬಹುದು.

ಎರಡನೆಯದು, ಹಡಗಿಗೆ ಮಾತ್ರ ಸಂಬಂಧಿಸಿದ ನಷ್ಟಗಳು. ವೈದ್ಯರ ಆದೇಶದಂತೆ ಕ್ಯಾಬಿನ್ನಿನಲ್ಲೇ ಇರಬೇಕಾಗಿ ಬರುವುದು, ಹಡಗು ಒಂದು ಬಂದರನ್ನು ಬಿಟ್ಟು ಮುಂದೆ ಹೋಗುವುದು, ಮುಂಗಡ ಹಣ ಕಟ್ಟಿದ ತೀರದ ಸುತ್ತಾಟ ತಪ್ಪುವುದು ಇವೆಲ್ಲ ಸಾಮಾನ್ಯ ಪಾಲಿಸಿಯಲ್ಲಿ ಇರುವುದಿಲ್ಲ. ಕೆಲವು ಕಂಪನಿಗಳು ‘ಕ್ರೂಸ್ ಕವರ್’ ಎಂದು ಹೆಚ್ಚುವರಿ ಪ್ರೀಮಿಯಂ ಪಡೆದು ಇವುಗಳಲ್ಲಿ ಕೆಲವನ್ನು ಸೇರಿಸುತ್ತವೆ. ಹವಾಮಾನ ನೋಡಿ ದಾರಿ ಬದಲಿಸುವ ಹಕ್ಕನ್ನು ಹಡಗು ಕಂಪನಿಗಳು ಟಿಕೆಟಿನ ಕರಾರಿನಲ್ಲೇ ಕಾದಿರಿಸಿಕೊಂಡಿರುತ್ತವೆ. ಆದ್ದರಿಂದ ಬಂದರು ತಪ್ಪಿದ್ದಕ್ಕೆ ಅಲ್ಲಿಂದ ದೊಡ್ಡ ಪರಿಹಾರ ನಿರೀಕ್ಷಿಸುವಂತಿಲ್ಲ; ಪಾಲಿಸಿಯಲ್ಲೂ ಇಲ್ಲದಿದ್ದರೆ ಆ ಬೇಸರಕ್ಕೆ ಬೆಲೆಯಿಲ್ಲ.

ಅರ್ಜಿಯಲ್ಲಿ ಬರೆದ ಸತ್ಯ

ಅರವತ್ತು ದಾಟಿದವರ ಕ್ಲೇಮ್‌ಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಒಂದೇ ಕಡೆ: ಮೊದಲೇ ಇದ್ದ ಕಾಯಿಲೆ. ಸಕ್ಕರೆ, ಬಿ.ಪಿ. ಮಾತ್ರೆ ನುಂಗುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ ಅದನ್ನು ಕಾಯಿಲೆ ಎಂದು ಬರೆಯಲು ಕೈ ಏಳುವುದಿಲ್ಲ. ಅರ್ಜಿ ತುಂಬುವವರು ಮಗನೋ ಏಜೆಂಟನೋ ಆಗಿದ್ದರೆ ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದೇ ಗುರುತು ಬೀಳುತ್ತದೆ.

ಈ ವಿಷಯದಲ್ಲಿ ಪ್ರತಿ ಪ್ರವಾಸಿಯೂ ತಿಳಿದಿರಬೇಕಾದ ತೀರ್ಪೊಂದಿದೆ. 2009ರ ಮೇ ತಿಂಗಳಲ್ಲಿ ಭಾರತದ ಪ್ರಯಾಣಿಕರೊಬ್ಬರು ವಿದೇಶ ಪ್ರವಾಸದ ಮೆಡಿಕ್ಲೇಮ್ ಪಡೆದು ಅಮೆರಿಕಕ್ಕೆ ಹೊರಟರು. ತಮಗೆ ಮಧುಮೇಹ ಇರುವುದನ್ನು ಅರ್ಜಿಯಲ್ಲಿ ತಿಳಿಸಿದ್ದರು, ವೈದ್ಯಕೀಯ ತಪಾಸಣೆಯೂ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಲೇ ಬೆವರು, ನಿಶ್ಶಕ್ತಿ; ಆಸ್ಪತ್ರೆಯಲ್ಲಿ ಹೃದಯಕ್ಕೆ ಮೂರು ಸ್ಟೆಂಟ್ ಹಾಕಬೇಕಾಯಿತು. ಮಧುಮೇಹ, ಕೊಬ್ಬಿನ ಅಂಶದ ಹಿನ್ನೆಲೆಯನ್ನು ಮುಂದಿಟ್ಟು ವಿಮಾ ಕಂಪನಿ ಹಣ ನಿರಾಕರಿಸಿತು. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲೂ ಅವರಿಗೆ ಸೋಲಾಯಿತು. ಕೊನೆಗೆ 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ತೀರ್ಪು ಬರೆದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಬೆಂಗಳೂರಿನಲ್ಲಿ ವಕೀಲರಾಗಿದ್ದು, 2008ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಅದೇ 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿಗೆ ಹೋದವರು.

ತೀರ್ಪಿನ ಸಾರ ಸರಳ. ತನಗೆ ಗೊತ್ತಿರುವ ಮುಖ್ಯ ಸಂಗತಿಗಳನ್ನು ತಿಳಿಸುವುದು ವಿಮೆ ಮಾಡಿಸುವವನ ಹೊಣೆ. ಆತ ತಿಳಿಸಿದ ಮೇಲೆ, ಅದನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಕಂಪನಿ ಆಮೇಲೆ ಅದೇ ಕಾಯಿಲೆಯ ನೆಪ ಹೇಳಿ ಜಾರಿಕೊಳ್ಳುವಂತಿಲ್ಲ. ಅಂದರೆ ‘ಸಕ್ಕರೆ ಕಾಯಿಲೆ ಇದೆ’ ಎಂದು ಬರೆದ ಒಂದು ಸಾಲು ಮುಂದೆ ಲಕ್ಷಾಂತರ ರೂಪಾಯಿಯ ರಕ್ಷಣೆಯಾಗಬಲ್ಲದು. ತುಂಬಿದ ಅರ್ಜಿಯ ಪ್ರತಿಯೊಂದನ್ನು ಇಟ್ಟುಕೊಳ್ಳಿ, ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ಅದರಲ್ಲಿ ಬರೆಯಿಸಿ. ಹಿರಿಯರ ಪಾಲಿಸಿಯಲ್ಲಿ ಕೊಠಡಿ ಬಾಡಿಗೆ, ಐಸಿಯು, ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ಒಳಮಿತಿಗಳು ಇರುತ್ತವೆ. ಮುಖಪುಟದಲ್ಲಿ ಒಂದು ಲಕ್ಷ ಡಾಲರ್ ಎಂದಿದ್ದರೂ ಕೈಗೆ ಬರುವುದು ಆ ಮಿತಿಯಷ್ಟೇ.

ಹೆಬ್ಬಾಳ ದಾಟುವ ಮೊದಲೇ

ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಹಾಕಿಕೊಂಡು ವಿಮಾನ ತಪ್ಪಿ, ಅದರಿಂದ ಹಡಗೂ ತಪ್ಪಿದರೆ ವಿಮೆ ಕೊಡುತ್ತದೆಯೇ? ಬಹುತೇಕ ಪಾಲಿಸಿಗಳ ಉತ್ತರ ‘ಇಲ್ಲ’. ಅವು ಒಪ್ಪುವುದು ವಿಮಾನ, ರೈಲಿನಂಥ ಸಾರ್ವಜನಿಕ ಸಾರಿಗೆಯ ವಿಳಂಬವನ್ನು, ಅದೂ ಪಾಲಿಸಿಯಲ್ಲಿ ಹೇಳಿದಷ್ಟು ಗಂಟೆ ಮೀರಿದರೆ. ಸ್ವಂತ ಕಾರು, ಟ್ಯಾಕ್ಸಿ, ಬಳ್ಳಾರಿ ರಸ್ತೆಯ ದಟ್ಟಣೆ ಈ ಲೆಕ್ಕಕ್ಕೆ ಬರುವುದಿಲ್ಲ. ವಿಮಾನವೇ ತಡವಾದರೆ ವಿಮಾನ ಕಂಪನಿಯಿಂದ ಕಾರಣ ಮತ್ತು ಅವಧಿ ನಮೂದಿಸಿದ ವಿಳಂಬದ ಪ್ರಮಾಣಪತ್ರ ಪಡೆಯಬೇಕು. ಮೊಬೈಲಿಗೆ ಬಂದ ಸಂದೇಶವೊಂದೇ ಸಾಕಾಗುವುದಿಲ್ಲ.

ಬಂದ್, ಚಂಡಮಾರುತಗಳ ಕಥೆಯಲ್ಲಿ ತಾರೀಕೇ ಮುಖ್ಯ. 2023ರ ಸೆಪ್ಟೆಂಬರ್ 29ರಂದು ಕಾವೇರಿ ನೀರಿನ ವಿಷಯಕ್ಕೆ ಕರ್ನಾಟಕ ಬಂದ್ ನಡೆದಾಗ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 44 ವಿಮಾನಗಳ ಹಾರಾಟ ರದ್ದಾಯಿತು. ಅದೇ ವರ್ಷದ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ನಿಲ್ದಾಣದ ರನ್‌ವೇ ಮುಳುಗಿ, ಅಲ್ಲಿಗೆ ಹೊರಟಿದ್ದ ಹಲವು ವಿಮಾನಗಳು ಬೆಂಗಳೂರಿಗೆ ತಿರುಗಿದವು. ಇಂಥ ಘಟನೆ ಘೋಷಣೆಯಾದ ಮೇಲೆ ಕೊಂಡ ಪಾಲಿಸಿ ಅದೇ ಘಟನೆಗೆ ಹಣ ಕೊಡುವುದಿಲ್ಲ. ವಿಮೆ ಇರುವುದು ಗೊತ್ತಿಲ್ಲದ ಕಷ್ಟಕ್ಕೆ. ಆದ್ದರಿಂದ ಹಡಗಿನ ಮುಂಗಡ ಕಟ್ಟಿದ ದಿನವೇ ಪಾಲಿಸಿ ಕೊಳ್ಳುವುದು ಜಾಣತನ. ಹಡಗು ಹೊರಡುವ ಹಿಂದಿನ ದಿನವೇ ಆ ಊರು ತಲುಪುವುದು ಇನ್ನೂ ದೊಡ್ಡ ಜಾಣತನ.

ಕಂಪನಿಯೇ ಮುಳುಗಿದರೆ? 2022ರ ಜನವರಿಯಲ್ಲಿ ಸ್ಟಾರ್ ಕ್ರೂಸಸ್, ಡ್ರೀಮ್ ಕ್ರೂಸಸ್‌ಗಳ ಒಡೆತನದ ಗೆಂಟಿಂಗ್ ಹಾಂಗ್‌ಕಾಂಗ್ ದಿವಾಳಿಯ ಹಾದಿ ಹಿಡಿಯಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನಗಳು ಹಾರಾಟ ನಿಲ್ಲಿಸಿದವು. ಸಂಸ್ಥೆ ದಿವಾಳಿಯಾಗಿ ಆದ ನಷ್ಟವನ್ನು ನಮ್ಮ ಬಹಳಷ್ಟು ಪಾಲಿಸಿಗಳು ಹೊರಗಿಟ್ಟಿವೆ. ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟಿದ್ದರೆ ಬ್ಯಾಂಕಿನಲ್ಲಿ ತಕರಾರು ದಾಖಲಿಸುವ ದಾರಿಯಾದರೂ ಉಳಿಯುತ್ತದೆ.

ಹಡಗಿನ ಆಸ್ಪತ್ರೆಯ ಬಿಲ್ಲು

ದೊಡ್ಡ ಹಡಗುಗಳಲ್ಲಿ ವೈದ್ಯರು, ನರ್ಸ್‌ಗಳಿರುವ ಪುಟ್ಟ ಆಸ್ಪತ್ರೆ ಇರುತ್ತದೆ. ನಗದುರಹಿತ ಚಿಕಿತ್ಸೆಯ ಮಾತು ಅಲ್ಲಿ ನಡೆಯುವುದಿಲ್ಲ. ವಾಂತಿಭೇದಿಗೆ ಹಾಕಿದ ಸಲೈನಿನ ಖರ್ಚೂ ಡಾಲರಿನಲ್ಲಿ ನಿಮ್ಮ ಕ್ಯಾಬಿನ್ ಖಾತೆಗೆ ಸೇರಿ, ಇಳಿಯುವ ದಿನ ಊಟ, ಪಾನೀಯದ ಲೆಕ್ಕದ ಜೊತೆ ಒಂದೇ ಸಾಲಾಗಿ ಬರುತ್ತದೆ. ‘ಮೆಡಿಕಲ್’ ಎಂಬ ಆ ಒಂದು ಸಾಲು ವಿಮಾ ಕಂಪನಿಗೆ ಬಿಲ್ಲಲ್ಲ. ಇಳಿಯುವ ಮೊದಲು ನಾಲ್ಕು ಕಾಗದ ಕೇಳಿ ಪಡೆಯಬೇಕು: ರೋಗ ಏನೆಂದು ಬರೆದ ವೈದ್ಯರ ವರದಿ, ಔಷಧ ಚೀಟಿ, ಒಂದೊಂದಕ್ಕೂ ಬೆಲೆ ಹಾಕಿದ ಬಿಲ್ಲು, ಹಣ ಸಂದಾಯವಾದ ರಸೀದಿ. ವರದಿಯಲ್ಲಿ ಹಡಗಿನ ಹೆಸರು, ಮೊಹರು, ತಾರೀಕು ಇರಲಿ. ಕ್ಯಾಬಿನ್ನಿನಲ್ಲೇ ಇರಲು ವೈದ್ಯರು ಹೇಳಿದ್ದರೆ ಎಂದಿನಿಂದ ಎಂದಿನವರೆಗೆ ಎಂಬುದನ್ನೂ ಬರೆಸಿಕೊಳ್ಳಿ.

ಪಾಲಿಸಿಯಲ್ಲಿ ‘ಡಿಡಕ್ಟಿಬಲ್’ ಎಂಬ ಮೊತ್ತವಿರುತ್ತದೆ. ಖರ್ಚಿನ ಅಷ್ಟು ಭಾಗ ನಮ್ಮದೇ. ಅದು 100 ಡಾಲರ್ ಇದ್ದು ಚಿಕಿತ್ಸೆಗೆ 90 ಡಾಲರ್ ಆಗಿದ್ದರೆ ಕ್ಲೇಮ್ ಮಾಡುವ ಶ್ರಮವೇ ವ್ಯರ್ಥ.

ಕಾಯಿಲೆ ಜೋರಾದರೆ ಪಾಲಿಸಿಯಲ್ಲಿ ಮುದ್ರಿಸಿರುವ ಸಹಾಯವಾಣಿಗೆ ತಕ್ಷಣ ತಿಳಿಸಬೇಕು. ನಡುಗಡಲಲ್ಲಿ ಫೋನ್ ಸಿಗದಿದ್ದರೆ ಹಡಗಿನ ವೈಫೈ ಮೂಲಕ ಇಮೇಲ್ ಕಳುಹಿಸಿ. ಕಳುಹಿಸಿದ ಸಮಯವೇ ಸಾಕ್ಷಿಯಾಗುತ್ತದೆ. ಹೆಲಿಕಾಪ್ಟರಿನಲ್ಲಿ ಸಾಗಿಸಬೇಕೇ, ಮುಂದಿನ ಬಂದರಿನಲ್ಲಿ ಇಳಿಸಬೇಕೇ ಎಂಬುದು ಹಡಗಿನ ವೈದ್ಯರು ಮತ್ತು ಕ್ಯಾಪ್ಟನ್ನರ ತೀರ್ಮಾನ. ಅದರ ಖರ್ಚು ಭರಿಸಲು ವಿಮಾ ಕಂಪನಿಯ ಮುಂಚಿನ ಒಪ್ಪಿಗೆ ಬೇಕೆಂದು ಪಾಲಿಸಿಗಳು ಹೇಳುತ್ತವೆ. ಇಡೀ ಪ್ರವಾಸದಲ್ಲಿ ಅತಿ ದುಬಾರಿಯಾಗಬಹುದಾದ ಖರ್ಚು ಇದೇ ಆದ್ದರಿಂದ ಜೊತೆಯಲ್ಲಿರುವವರೊಬ್ಬರು ಆ ಒಪ್ಪಿಗೆಯ ಬೆನ್ನು ಹತ್ತಬೇಕು.

ಹಡಗಿನಲ್ಲಿ ರೋಗ ಹಬ್ಬಿದಾಗ ಏನಾಗುತ್ತದೆ ಎಂಬುದನ್ನು 2020ರಲ್ಲಿ ಜಗತ್ತು ಕಂಡಿತು. ಜಪಾನಿನ ಯೊಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೊರೊನಾ ತಗುಲಿತು. ಅದರಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ, ಪ್ರಯಾಣಿಕರು ಆರೇ ಮಂದಿ. 2022ರ ಜನವರಿಯಲ್ಲಿ ಮುಂಬೈಯಿಂದ ಗೋವಾಕ್ಕೆ ಹೋದ ಕಾರ್ಡೇಲಿಯಾ ಹಡಗಿನಲ್ಲಿ 66 ಮಂದಿಗೆ ಸೋಂಕು ಕಂಡು ಅದು ಮುಂಬೈಗೆ ಮರಳಬೇಕಾಯಿತು. ಡೈಮಂಡ್ ಪ್ರಿನ್ಸೆಸ್ ಪ್ರಯಾಣಿಕರಿಗೆ ಟಿಕೆಟಿನ ಹಣವನ್ನು ಹಡಗು ಕಂಪನಿಯೇ ಮರಳಿಸಿತು. ವಿಮೆಯ ನಿಯಮ ಇಲ್ಲಿ ಅರ್ಥವಾಗುತ್ತದೆ: ಬೇರೆ ಕಡೆಯಿಂದ ವಾಪಸು ಬಂದ ಹಣವನ್ನು ವಿಮೆ ಮತ್ತೆ ಕೊಡುವುದಿಲ್ಲ. ಮೊದಲು ಹಡಗು ಕಂಪನಿಗೆ, ವಿಮಾನ ಕಂಪನಿಗೆ ಬರೆದು ಅವರು ಎಷ್ಟು ಕೊಟ್ಟರು, ಎಷ್ಟು ಕೊಡಲಿಲ್ಲ ಎಂಬ ಪತ್ರ ಪಡೆಯಬೇಕು. ಆ ಪತ್ರವಿಲ್ಲದೆ ಕ್ಲೇಮ್ ಮುಂದೆ ಸಾಗದು.

ಪೊಲೀಸರಿಲ್ಲದ ಊರು

ವಿಮಾನದಲ್ಲಿ ಬ್ಯಾಗು ಬರದಿದ್ದರೆ ನಿಲ್ದಾಣ ಬಿಡುವ ಮೊದಲೇ ಪಿಐಆರ್ ಎಂಬ ವರದಿ ಬರೆಸಬೇಕು. ಅಂತರರಾಷ್ಟ್ರೀಯ ವಿಮಾನಗಳಿಗೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗು ಹಾಳಾಗಿದ್ದರೆ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಅದು ಕೈಸೇರಿದ 21 ದಿನಗಳೊಳಗೆ ವಿಮಾನ ಕಂಪನಿಗೆ ಲಿಖಿತ ದೂರು ಕೊಡಬೇಕು. ಹಡಗಿನಲ್ಲಿ ಕಳವಾದರೆ ಠಾಣೆ ಇರುವುದಿಲ್ಲ, ಭದ್ರತಾ ಅಧಿಕಾರಿ ಇರುತ್ತಾರೆ. ಅವರಿಂದ ಲಿಖಿತ ವರದಿ ಪಡೆದು ಮುಂದಿನ ಬಂದರಿನ ಪೊಲೀಸರಿಗೂ ದೂರು ಕೊಡಿ. ಕಳವಿನ ಕ್ಲೇಮ್‌ಗೆ ಪಾಲಿಸಿಗಳು ಸಾಮಾನ್ಯವಾಗಿ 24 ಗಂಟೆಯೊಳಗಿನ ಪೊಲೀಸ್ ದೂರು ಕೇಳುತ್ತವೆ. ನಗದು, ಚಿನ್ನದ ಒಡವೆಗಳನ್ನು ಬಹುತೇಕ ಪಾಲಿಸಿಗಳು ಹೊರಗಿಟ್ಟಿವೆ. ಮದುವೆ ಸರವನ್ನು ಮನೆಯ ಲಾಕರಿನಲ್ಲಿಟ್ಟು ಹೋಗುವುದೇ ಒಳ್ಳೆಯ ವಿಮೆ.

ಬಂದರಿನಲ್ಲಿ ಸುತ್ತಾಡಲು ಹೋಗಿ ಹಡಗು ತಪ್ಪಿಸಿಕೊಂಡವರಿಗೂ ಹಣ ಸಿಗುವುದಿಲ್ಲ. ಹಡಗಿನವರೇ ಏರ್ಪಡಿಸಿದ ಸುತ್ತಾಟ ತಡವಾದರೆ ಹಡಗು ಕಾಯುವುದು ರೂಢಿ. ಸ್ವಂತ ಟ್ಯಾಕ್ಸಿಯಲ್ಲಿ ಹೋದವರಿಗೆ ಕಾಯುವುದಿಲ್ಲ.

ಪ್ರಯಾಣ ನಿಜಕ್ಕೂ ನಡೆಯಿತು ಎಂದು ತೋರಿಸುವುದೂ ಈಗ ಒಂದು ಕೆಲಸ. ಕ್ಲೇಮ್ ಅರ್ಜಿಯ ಜೊತೆ ಪಾಸ್‌ಪೋರ್ಟಿನ ಮೊಹರಿರುವ ಪುಟಗಳನ್ನು ಕೇಳುವುದು ಹಳೆಯ ಪದ್ಧತಿ. ಸಿಂಗಪುರ ಮೊಹರು ಹಾಕುವುದನ್ನು ಬಿಟ್ಟು ಇ-ಪಾಸ್ ಅನ್ನು ಇಮೇಲಿಗೆ ಕಳುಹಿಸುತ್ತದೆ. ಆ ಇಮೇಲನ್ನು ಅಳಿಸಬೇಡಿ. ಬೋರ್ಡಿಂಗ್ ಪಾಸುಗಳ ಫೋಟೊ, ಹಡಗಿನ ಕಾರ್ಡು ಮನೆಗೆ ಬಂದ ಮೇಲೂ ಇರಲಿ.

ರದ್ದಾದ ಯಾನದ ಲೆಕ್ಕ

ಹೊರಡುವ ಮೊದಲೇ ಪ್ರವಾಸ ರದ್ದಾದರೆ ಕಾರಣವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಪ್ರಯಾಣಿಕ ಅಥವಾ ಹತ್ತಿರದ ಬಂಧು ತೀರಿಕೊಂಡರೆ, ಆಸ್ಪತ್ರೆ ಸೇರಿದರೆ ಎಂಬಂತೆ ಪಾಲಿಸಿಯಲ್ಲಿ ಪಟ್ಟಿ ಇರುತ್ತದೆ. ಆಫೀಸಿನಲ್ಲಿ ರಜೆ ಸಿಗಲಿಲ್ಲ, ವೀಸಾ ಬರಲಿಲ್ಲ, ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿಲ್ಲ ಎಂಬುವು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅತ್ತೆ ಮಾವ ಒಂದೇ ಮನೆಯಲ್ಲಿರುವ ಕುಟುಂಬಗಳು ‘ಹತ್ತಿರದ ಬಂಧು’ ಎಂಬುದಕ್ಕೆ ಪಾಲಿಸಿ ಕೊಟ್ಟಿರುವ ವಿವರಣೆಯಲ್ಲಿ ಅವರ ಹೆಸರಿದೆಯೇ ನೋಡಬೇಕು. ಪ್ರಯಾಣ ಮಾಡದ ಮಾವನವರ ಹಳೆಯ ಹೃದ್ರೋಗವೂ ಕ್ಲೇಮ್‌ಗೆ ಅಡ್ಡ ಬರಬಹುದು.

ಲೆಕ್ಕಕ್ಕೆಂದು ಒಂದು ಉದಾಹರಣೆ. ಇಬ್ಬರ ಕ್ರೂಸಿಗೆ 2,40,000 ರೂಪಾಯಿ ಕಟ್ಟಿದ್ದಾರೆ. ಹೊರಡುವ ಮುನ್ನ ಒಬ್ಬರು ಆಸ್ಪತ್ರೆ ಸೇರಿದ್ದರಿಂದ ಯಾನ ರದ್ದು; ಹಡಗು ಕಂಪನಿ ಅರ್ಧ ಮುರಿದುಕೊಂಡಿತು. ನಷ್ಟ 1,20,000. ಪಾಲಿಸಿಯಲ್ಲಿ ರದ್ದತಿಯ ಮಿತಿ ತಲಾ 500 ಡಾಲರ್, ಡಾಲರಿಗೆ 85 ರೂಪಾಯಿ ಎಂದುಕೊಂಡರೆ ಇಬ್ಬರಿಗೆ ಸಿಗುವುದು ಹೆಚ್ಚೆಂದರೆ 85,000. ಉಳಿದ 35,000 ಕೈಯಿಂದಲೇ. ಪ್ರೀಮಿಯಂ ಕಟ್ಟುವ ಮೊದಲು ಈ ಒಂದು ಮಿತಿಯನ್ನು ನೋಡಿದ್ದರೆ ಹೆಚ್ಚಿನ ಮಿತಿಯ ಪಾಲಿಸಿ ಆರಿಸಬಹುದಿತ್ತು. ಪ್ಯಾಕೇಜಿನ ಮೇಲೆ ಕಟ್ಟಿದ ಟಿಸಿಎಸ್ ಎಂಬ ತೆರಿಗೆ ಈ ಲೆಕ್ಕಕ್ಕೆ ಸೇರದು. ಅದನ್ನು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವಾಗ ಸರಿಹೊಂದಿಸಿಕೊಳ್ಳಬೇಕು.

‘ಇಲ್ಲ’ ಎಂದರೆ ಮುಂದೇನು

ಕ್ಲೇಮ್ ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನಡಿ ಎಂಬುದನ್ನು ಲಿಖಿತವಾಗಿ ಕೇಳಿ. ಫೋನಿನಲ್ಲಿ ಹೇಳಿದ ‘ಇಲ್ಲ’ಕ್ಕೆ ಬೆಲೆ ಕೊಡಬೇಡಿ. ಮೊದಲ ಮೆಟ್ಟಿಲು ಕಂಪನಿಯದೇ ದೂರು ಪರಿಹಾರ ಅಧಿಕಾರಿ. ಜೊತೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ ‘ಬೀಮಾ ಭರೋಸಾ’ ಪೋರ್ಟಲ್ ಮತ್ತು 155255 ಸಹಾಯವಾಣಿ ಇವೆ. ಹಣ ಕೊಡಲು ನಿಗದಿತ ಅವಧಿ ಮೀರಿ ತಡಮಾಡಿದರೆ ಬ್ಯಾಂಕ್ ದರಕ್ಕಿಂತ ಶೇ 2ರಷ್ಟು ಹೆಚ್ಚಿನ ಬಡ್ಡಿ ಸೇರಿಸಿ ಕೊಡಬೇಕೆಂಬುದು ಪ್ರಾಧಿಕಾರದ ನಿಯಮ.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಯಲಹಂಕದವರಿಗೆ ಊರಿನ ಇನ್ನೊಂದು ತುದಿ, ಆದರೆ ದೂರನ್ನು ಆನ್‌ಲೈನಿನಲ್ಲೂ ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಕ್ಲೇಮ್‌ಗಳನ್ನು ಅಲ್ಲಿ ವಿಚಾರಿಸುತ್ತಾರೆ; ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ದೂರು ಸಲ್ಲಬೇಕು. ಅವರ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ದೂರುದಾರರನ್ನಲ್ಲ. ಅಲ್ಲಿ ನ್ಯಾಯ ಸಿಗಲಿಲ್ಲವೆನಿಸಿದರೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ಆಯೋಗದ ವ್ಯಾಪ್ತಿ ತೀರ್ಮಾನವಾಗುವುದು ನೀವು ಕಟ್ಟಿದ ಪ್ರೀಮಿಯಂ ಮೇಲೆ. ಅದು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ಈ ಎಲ್ಲ ಹಕ್ಕುಗಳೂ ಕೊನೆಗೆ ಪಾಲಿಸಿ ಓದಿದವರಿಗೇ ದಕ್ಕುವುದು, ಮತ್ತು ಪಾಲಿಸಿ ಇರುವುದು ಇಂಗ್ಲಿಷಿನಲ್ಲಿ. ಆರೋಗ್ಯ ವಿಮೆಯ ಮುಖ್ಯಾಂಶಗಳನ್ನು ಹೇಳುವ ಗ್ರಾಹಕ ಮಾಹಿತಿ ಪತ್ರವನ್ನು ಪಾಲಿಸಿದಾರರು ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ಪ್ರಾಧಿಕಾರದ ಸುತ್ತೋಲೆ 2024ರ ಜನವರಿ 1ರಿಂದ ಜಾರಿಯಲ್ಲಿದೆ. ಪ್ರವಾಸ ವಿಮೆ ಕೊಳ್ಳುವವರೂ ಅಂಥದ್ದೇ ಪತ್ರವನ್ನು ಕನ್ನಡದಲ್ಲಿ ಕೇಳಬೇಕು. ಮಗಳ ಮನೆಗೆ ಹೊರಟ ತಂದೆ ತಾಯಿ ತಮ್ಮ ಪಾಲಿಸಿಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಾವೇ ಓದಿ ತಿಳಿಯುವಂತಾಗಬೇಕು. ಹಣ ಕಟ್ಟುವ ಮೊದಲು ಏಜೆಂಟರ ಮುಂದೆ ಆ ಬೇಡಿಕೆ ಇಡಿ. ಕೊಡಲಾಗದು ಎಂದರೆ ಬೇರೆ ಕಂಪನಿಯ ಪಾಲಿಸಿ ನೋಡಿ.